ಯಂತ್ರದ ಬುದ್ಧಿ, ಯಜಮಾನನ ಹೊಣೆ
(ಉದ್ಯಮದಲ್ಲಿ ಕೃತಕ ಬುದ್ಧಿಮತ್ತೆಯನ್ನು ಬಳಸುವ ಮುನ್ನ ಯೋಚಿಸಬೇಕಾದ ಸಂಗತಿಗಳು)

ವಿಜ್ಞಾನವು ಮನುಷ್ಯನಿಗೆ ಒಂದೊಂದು ಕಾಲಕ್ಕೆ ಒಂದೊಂದು ಬಲವನ್ನು ಕೊಡುತ್ತ ಬಂದಿದೆ. ಉಗಿಯಂತ್ರವು ಅವನ ತೋಳಿಗೆ ಬಲ ಕೊಟ್ಟಿತು. ವಿದ್ಯುತ್ತು ಅವನ ರಾತ್ರಿಯನ್ನು ಹಗಲು ಮಾಡಿತು. ಗಣಕಯಂತ್ರವು ತಿಂಗಳ ಲೆಕ್ಕವನ್ನು ಕ್ಷಣದಲ್ಲಿ ಮಾಡಿ ಮುಗಿಸಿತು. ಈಗ ಬಂದಿರುವ ಕೃತಕ ಬುದ್ಧಿಮತ್ತೆಯು ಇವೆಲ್ಲಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ‘ಇದು ಒಳ್ಳೆಯದು, ಅದು ಕೆಟ್ಟದ್ದು, ಇದನ್ನು ಕೊಳ್ಳು, ಅದನ್ನು ಬಿಡು’ ಎಂದು ತೀರ್ಮಾನವನ್ನೇ ಹೇಳತೊಡಗಿದೆ. ತೋಳಿನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದಕ್ಕೂ ತೀರ್ಮಾನದ ಕೆಲಸವನ್ನು ಒಪ್ಪಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ತಿಳಿಯುವುದೇ ಈ ಲೇಖನದ ಉದ್ದೇಶ.

ಉದ್ಯಮದ ಮುಖ್ಯಸ್ಥರಿಗೆ ಹೇಳಬೇಕಾದ ಮಾತು ಶಾಲೆಯ ವಾರ್ಷಿಕ ಸಂಚಿಕೆಯಲ್ಲೇಕೆ ಎಂದು ಕೆಲವರು ಕೇಳಬಹುದು. ವೆಲ್ಲಿಂಗ್ಟನ್ನಿನಲ್ಲಿ ನಿಂತು ಸುತ್ತ ಕಣ್ಣು ಹಾಯಿಸಿದರೆ ಉತ್ತರ ಸಿಕ್ಕುತ್ತದೆ. ನಮ್ಮ ಬೆಟ್ಟದ ಇಳಿಜಾರುಗಳಲ್ಲೆಲ್ಲ ಚಹಾ ತೋಟಗಳಿವೆ. ಅವುಗಳಲ್ಲಿ ಹಲವು ಒಂದೆರಡು ಎಕರೆಯ ಸಣ್ಣ ಹಿಡುವಳಿಗಳು. ಕಾರ್ಖಾನೆಯ ಮುಖ್ಯಸ್ಥರು ಕಚೇರಿಯಲ್ಲಿ ಕುಳಿತು ಮಾಡಿದ ಒಂದು ತೀರ್ಮಾನವು ಸಂಜೆಯ ಹೊತ್ತಿಗೆ ಈ ಹಿಡುವಳಿದಾರರ ಒಲೆಯ ಬಳಿಗೆ ಬಂದು ಮುಟ್ಟುತ್ತದೆ. ಅದಲ್ಲದೆ 1965ರಲ್ಲಿ ಸ್ಥಾಪನೆಯಾದ ಇಂಡ್‌ಕೋಸರ್ವ್ ಎಂಬ ಸಹಕಾರಿ ಒಕ್ಕೂಟದ ಅಡಿಯಲ್ಲಿ ನೀಲಗಿರಿಯಲ್ಲಿ 16 ಸಹಕಾರಿ ಚಹಾ ಕಾರ್ಖಾನೆಗಳಿವೆ. ಸುಮಾರು 30 ಸಾವಿರ ಸಣ್ಣ ಬೆಳೆಗಾರರು ಅವುಗಳ ಸದಸ್ಯರು. ಸಹಕಾರಿ ಕಾರ್ಖಾನೆಯಲ್ಲಿ ಸದಸ್ಯನೇ ಮಾಲೀಕ. ಆದುದರಿಂದ ಈ ಬೆಟ್ಟದಲ್ಲಿ ‘ಉದ್ಯಮದ ಮುಖ್ಯಸ್ಥ’ ಎಂದರೆ ದೂರದ ಮಹಾನಗರದ ಶ್ರೀಮಂತರೇ ಆಗಬೇಕಾಗಿಲ್ಲ. ಈ ಪುಟವನ್ನು ಓದುತ್ತಿರುವ ತಂದೆತಾಯಿಗಳೂ ಆಗಿರಬಹುದು. ನಾಳೆ ಆ ಸ್ಥಾನದಲ್ಲಿ ಕೂರುವವರು ನಮ್ಮ ವಿದ್ಯಾರ್ಥಿಗಳು.

1. ಕೃತಕ ಬುದ್ಧಿಮತ್ತೆ ಎಂದರೇನು?

ಈ ಹೆಸರು ಹೊಸದಲ್ಲ. 1956ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಮೆಕಾರ್ಥಿ ಮೊದಲಾದ ವಿಜ್ಞಾನಿಗಳು ಸೇರಿ ಈ ಹೆಸರಿನಲ್ಲಿಯೇ ಒಂದು ಅಧ್ಯಯನ ಕೂಟವನ್ನು ನಡೆಸಿದರು. ಆದರೆ ಜನಸಾಮಾನ್ಯರ ಬಾಯಿಗೆ ಈ ಮಾತು ಬಂದದ್ದು 2022ರ ನವೆಂಬರ್ ತಿಂಗಳಲ್ಲಿ ‘ಚಾಟ್‌ಜಿಪಿಟಿ’ ಹೊರಬಂದ ಮೇಲೆ.

ಸಾಧಾರಣ ಗಣಕಯಂತ್ರವು ನಾವು ಬರೆದುಕೊಟ್ಟ ನಿಯಮದಂತೆ ನಡೆಯುತ್ತದೆ. ‘ತೂಕವನ್ನು ದರದಿಂದ ಗುಣಿಸು’ ಎಂದರೆ ಗುಣಿಸುತ್ತದೆ. ಇಂದಿನ ಕೃತಕ ಬುದ್ಧಿಮತ್ತೆಯು ಬಹುಮಟ್ಟಿಗೆ ಉದಾಹರಣೆಗಳಿಂದ ಕಲಿಯುತ್ತದೆ. ಚಹಾ ಗಿಡದಿಂದ ಕೀಳಬೇಕಾದದ್ದು ಎರಡು ಎಲೆ, ಒಂದು ಮೊಗ್ಗು. ಇದು ಎಳೆಯ ಚಿಗುರು, ಇದು ಬಲಿತ ಎಲೆ ಎಂದು ಗುರುತು ಹಾಕಿದ ಸಾವಿರಾರು ಚಿತ್ರಗಳನ್ನು ಯಂತ್ರಕ್ಕೆ ತೋರಿಸಿದರೆ, ಅದು ಎರಡರ ನಡುವಣ ವ್ಯತ್ಯಾಸವನ್ನು ಅಂಕಿಗಳ ರೂಪದಲ್ಲಿ ಹಿಡಿದುಕೊಳ್ಳುತ್ತದೆ. ಆಮೇಲೆ ಹೊಸ ಚಿತ್ರವನ್ನು ತೋರಿಸಿದಾಗ ‘ಇದು ಚಿಗುರಾಗಿರುವ ಸಂಭವ ನೂರಕ್ಕೆ ತೊಂಬತ್ತು’ ಎಂದು ಹೇಳುತ್ತದೆ. ಇಲ್ಲಿ ‘ಸಂಭವ’ ಎಂಬ ಶಬ್ದವನ್ನು ಚೆನ್ನಾಗಿ ಗಮನಿಸಬೇಕು. ಯಂತ್ರವು ಚಹಾ ಎಲೆಯನ್ನು ಕಂಡದ್ದಲ್ಲ, ಮುಟ್ಟಿದ್ದಲ್ಲ, ಕುಡಿದದ್ದಂತೂ ಅಲ್ಲ. ಅದು ಹೇಳುವುದು ಅಂದಾಜು. ಬಹಳ ಒಳ್ಳೆಯ ಅಂದಾಜು ಆಗಿರಬಹುದು. ಆದರೂ ಅದು ಅಂದಾಜೇ.

ಪತ್ರ ಬರೆಯುವ, ಪ್ರಶ್ನೆಗೆ ಉತ್ತರ ಹೇಳುವ ಯಂತ್ರಗಳೂ ಹಾಗೆಯೇ. ಒಂದು ಮಾತಿನ ನಂತರ ಯಾವ ಮಾತು ಬರುವ ಸಂಭವ ಹೆಚ್ಚು ಎಂಬ ಅಂದಾಜಿನಿಂದ ಅವು ವಾಕ್ಯಗಳನ್ನು ಹೆಣೆಯುತ್ತವೆ. ಆದುದರಿಂದ ಗೊತ್ತಿಲ್ಲದ್ದನ್ನೂ ಗೊತ್ತಿರುವ ಹಾಗೆಯೇ ನಯವಾಗಿ ಹೇಳಿಬಿಡುತ್ತವೆ. 2023ರಲ್ಲಿ ನ್ಯೂಯಾರ್ಕ್ ನಗರದ ಇಬ್ಬರು ವಕೀಲರು ಯಂತ್ರ ಹೇಳಿದ ಹಳೆಯ ತೀರ್ಪುಗಳನ್ನು ಪರಿಶೀಲಿಸದೆ ನ್ಯಾಯಾಲಯಕ್ಕೆ ಒಪ್ಪಿಸಿದರು. ಅಂಥ ತೀರ್ಪುಗಳು ಇರಲೇ ಇಲ್ಲ! ನ್ಯಾಯಾಧೀಶರು ಐದು ಸಾವಿರ ಡಾಲರ್ ದಂಡ ವಿಧಿಸಿದರು. ದಂಡ ಕಟ್ಟಿದವರು ವಕೀಲರೇ ಹೊರತು ಯಂತ್ರವಲ್ಲ.

2. ಚಹಾ ಕಾರ್ಖಾನೆಯೂ ಹೊಸ ಯಂತ್ರಗಳೂ

ಹೊಸ ಯಂತ್ರಗಳು ಚಹಾ ಉದ್ಯಮಕ್ಕೆ ಹೊಸತಲ್ಲ. 1930ರ ಸುಮಾರಿಗೆ ಅಸ್ಸಾಮಿನಲ್ಲಿ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುವ ಸಿ.ಟಿ.ಸಿ. ಯಂತ್ರವು ಬಂದಿತು. ಇಂದು ಹೋಟೆಲುಗಳಲ್ಲಿ ಕುಡಿಯುವ ಚಹಾ ಬಹುಪಾಲು ಆ ಯಂತ್ರದ್ದೇ. ಕೂನೂರಿನಲ್ಲಿ 1963ರಲ್ಲಿ ಚಹಾ ಹರಾಜು ಕೇಂದ್ರವು ಪ್ರಾರಂಭವಾಯಿತು. ಕೊಳ್ಳುವವರು ಎದುರಿಗೆ ಕುಳಿತು ಕೂಗುತ್ತಿದ್ದ ಹರಾಜು ಕಾಲಕ್ರಮದಲ್ಲಿ ಗಣಕಯಂತ್ರದ ಪರದೆಗೆ ಬಂದಿತು. ಪ್ರತಿ ಸಲವೂ ಉದ್ಯಮಕ್ಕೆ ಲಾಭವಾಯಿತು. ಪ್ರತಿ ಸಲವೂ ಕೆಲವರಿಗೆ ಕಷ್ಟವೂ ಆಯಿತು.

ಎಲೆಯು ಕಾರ್ಖಾನೆಗೆ ಬಂದ ಮೇಲೆ ಅದನ್ನು ಹಲವು ಗಂಟೆಗಳ ಕಾಲ ಗಾಳಿಯಲ್ಲಿ ಬಾಡಿಸುತ್ತಾರೆ. ನಂತರ ಯಂತ್ರದಲ್ಲಿ ಜಜ್ಜಿ, ಬಣ್ಣ ತಿರುಗಲು ಬಿಟ್ಟು, ಬಿಸಿಗಾಳಿಯಲ್ಲಿ ಒಣಗಿಸಿ, ಜರಡಿ ಹಿಡಿದು, ರುಚಿ ನೋಡಿ, ಚೀಲಕ್ಕೆ ತುಂಬುತ್ತಾರೆ. ಎಲೆ ಎಷ್ಟು ಬಾಡಿತು, ಒಲೆಯ ಶಾಖ ಎಷ್ಟಿರಬೇಕು, ಮುಂದಿನ ವಾರ ಮಂಜು ಸುರಿದು ಚಿಗುರು ಕರಕಾಗುವುದೇ, ಯಂತ್ರದ ಯಾವ ಭಾಗ ಸವೆದಿದೆ – ಇಂಥ ಪ್ರಶ್ನೆಗಳಿಗೆಲ್ಲ ಕೃತಕ ಬುದ್ಧಿಮತ್ತೆಯ ನೆರವು ಪಡೆಯಬಹುದು. ಹಸಿರೆಲೆಯ ಚಿತ್ರ ತೆಗೆದು ಅದರ ಗುಣಮಟ್ಟವನ್ನು ಹೇಳುವ ಉಪಕರಣಗಳು ಅಸ್ಸಾಮಿನ ಕಡೆ ಈಗಾಗಲೇ ಬಂದಿವೆ. ಅಂಥದೊಂದು ಉಪಕರಣವನ್ನು ನಮ್ಮ ಬೆಟ್ಟದ ಒಂದು ಕಾರ್ಖಾನೆಯು ಕೊಳ್ಳಲು ಹೊರಟಿದೆ ಎಂದು ಇಟ್ಟುಕೊಳ್ಳೋಣ. ಮುಖ್ಯಸ್ಥರು ಯಾವ ಯಾವ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು?

3. ಮೊದಲ ಪ್ರಶ್ನೆ: ಬೇಕಾಗಿರುವುದು ಏನು?

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂಬ ಗಾದೆ ನಮ್ಮಲ್ಲಿದೆ. ನೆರೆಯವರು ಕೊಂಡರೆಂದು, ಪತ್ರಿಕೆಯಲ್ಲಿ ಬಂದಿತೆಂದು ಯಂತ್ರವನ್ನು ಕೊಂಡು, ಆಮೇಲೆ ಅದಕ್ಕೆ ಕೆಲಸ ಹುಡುಕುವವರು ಇದ್ದಾರೆ. ನಮ್ಮ ಕಾರ್ಖಾನೆಯ ತೊಂದರೆ ಯಾವುದು? ಬಲಿತ ಎಲೆ ಹೆಚ್ಚು ಬರುತ್ತಿದೆಯೇ? ಬೆಳೆಗಾರರಿಗೂ ಎಲೆ ಪರೀಕ್ಷಿಸುವವರಿಗೂ ದಿನವೂ ಜಗಳವಾಗುತ್ತಿದೆಯೇ? ಅಥವಾ ಸಂಜೆ ಲಾರಿ ತಡವಾಗಿ ಬಂದು ಎಲೆ ಚೀಲದಲ್ಲಿಯೇ ಬೆಂದುಹೋಗುತ್ತಿದೆಯೇ? ತೊಂದರೆ ಕೊನೆಯದಾದರೆ ಕೃತಕ ಬುದ್ಧಿಮತ್ತೆ ಬೇಕಾಗಿಲ್ಲ. ಇನ್ನೊಂದು ಲಾರಿ ಸಾಕು. ತೊಂದರೆಯನ್ನು ಒಂದು ವಾಕ್ಯದಲ್ಲಿ ಬರೆಯಲಾಗದಿದ್ದರೆ ಯಂತ್ರವನ್ನು ಕೊಳ್ಳುವ ಕಾಲ ಬಂದಿಲ್ಲವೆಂದೇ ತಿಳಿಯಬೇಕು.

4. ಎರಡನೆಯ ಪ್ರಶ್ನೆ: ಯಂತ್ರವು ಯಾವ ಶಾಲೆಯಲ್ಲಿ ಓದಿದೆ?

ಉದಾಹರಣೆಗಳಿಂದ ಕಲಿಯುವ ಯಂತ್ರಕ್ಕೆ ಉದಾಹರಣೆಗಳೇ ಪಠ್ಯಪುಸ್ತಕ. ಪುಸ್ತಕದಲ್ಲಿ ತಪ್ಪಿದ್ದರೆ ವಿದ್ಯೆಯೂ ತಪ್ಪುತ್ತದೆ. ಅಸ್ಸಾಮಿನ ಬಯಲು ನಾಡಿನ ಅಗಲವಾದ ಎಲೆಯ ಚಿತ್ರಗಳಿಂದ ಕಲಿತ ಯಂತ್ರವು ಆರು ಸಾವಿರ ಅಡಿ ಎತ್ತರದಲ್ಲಿ ಬೆಳೆದ ನಮ್ಮ ಸಣ್ಣ ಎಲೆಯನ್ನು ಸರಿಯಾಗಿ ಗುರುತಿಸೀತೇ? ಬಿಸಿಲಿನಲ್ಲಿ ತೆಗೆದ ಚಿತ್ರಗಳಿಂದ ಕಲಿತದ್ದು ಮಳೆಗಾಲದ ಒದ್ದೆ ಎಲೆಯನ್ನು, ಮಂಜು ಹೊಡೆದು ಅಂಚು ಕಂದಿದ ಎಲೆಯನ್ನು ಏನೆಂದು ಹೇಳೀತು? ಕೊಳ್ಳುವ ಮುನ್ನ ಇದನ್ನು ಕೇಳಬೇಕು; ಕೇಳಿದರೆ ಸಾಲದು, ನಮ್ಮ ಎಲೆಯಿಂದಲೇ ಪರೀಕ್ಷಿಸಬೇಕು.

ದೊಡ್ಡ ಸಂಸ್ಥೆಗಳೂ ಇಲ್ಲಿ ಎಡವಿವೆ. ಅಮೆರಿಕದ ಅಮೆಜಾನ್ ಸಂಸ್ಥೆಯು 2014ರಿಂದ ಉದ್ಯೋಗದ ಅರ್ಜಿಗಳನ್ನು ಆರಿಸುವ ಯಂತ್ರವೊಂದನ್ನು ಸಿದ್ಧಪಡಿಸುತ್ತಿತ್ತು. ಹಿಂದಿನ ಹತ್ತು ವರ್ಷಗಳ ಅರ್ಜಿಗಳನ್ನು ಅದಕ್ಕೆ ಉದಾಹರಣೆಯಾಗಿ ಕೊಟ್ಟಿದ್ದರು. ಆ ಅರ್ಜಿಗಳಲ್ಲಿ ಹೆಚ್ಚಿನವು ಗಂಡಸರವು. ಯಂತ್ರವು ಅದನ್ನೇ ಪಾಠವೆಂದು ತಿಳಿದು, ಅರ್ಜಿಯಲ್ಲಿ ‘ಮಹಿಳೆಯರ’ ಎಂಬ ಶಬ್ದ ಕಂಡರೆ ಅಂಕ ಕಡಿಮೆ ಮಾಡತೊಡಗಿತು. ಸಂಸ್ಥೆಯು ಆ ಪ್ರಯತ್ನವನ್ನು ಕೈಬಿಟ್ಟಿತು. 2018ರಲ್ಲಿ ಸುದ್ದಿ ಲೋಕಕ್ಕೆ ತಿಳಿಯಿತು. ಹೀಗೆ ಮಾಡಬೇಕೆಂದು ಯಾರೂ ಯಂತ್ರಕ್ಕೆ ಹೇಳಿಕೊಟ್ಟಿರಲಿಲ್ಲ. ನಮ್ಮ ಹಳೆಯ ನಡತೆಯಲ್ಲಿದ್ದ ಓರೆಯನ್ನೇ ಅದು ನಿಯಮವೆಂದು ಕಲಿತುಕೊಂಡಿತು, ಅಷ್ಟೆ.

ಭಾಷೆಯ ವಿಷಯದಲ್ಲೂ ಈ ಎಚ್ಚರ ಬೇಕು. ನೀಲಗಿರಿಯಲ್ಲಿ ತಮಿಳು, ಕನ್ನಡ, ಮಲಯಾಳಗಳ ಜೊತೆಗೆ ಬಡಗ, ತೋಡ, ಕೋತ, ಇರುಳ, ಕುರುಂಬ ನುಡಿಗಳಿವೆ. 2011ರ ಜನಗಣತಿಯಂತೆ ಬಡಗ ಮಾತನಾಡುವವರು 1 ಲಕ್ಷ 30 ಸಾವಿರಕ್ಕೂ ಹೆಚ್ಚು. ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಮಾತನಾಡುವ ಯಂತ್ರಗಳನ್ನು ಬೆಳೆಸಲು ಕೇಂದ್ರ ಸರ್ಕಾರವು 2022ರಲ್ಲಿ ‘ಭಾಷಿಣಿ’ ಎಂಬ ಯೋಜನೆಯನ್ನು ಪ್ರಾರಂಭಿಸಿತು. ಬಡಗ ಆ ಪಟ್ಟಿಯಲ್ಲಿಲ್ಲ. ಬೆಳೆಗಾರರ ದೂರುಗಳನ್ನು ಕೇಳಲು ಮಾತನಾಡುವ ಯಂತ್ರವನ್ನಿಟ್ಟರೆ, ಹಟ್ಟಿಯ ಅಜ್ಜಿಯ ಮಾತು ಅದಕ್ಕೆ ಅರ್ಥವಾಗದಿದ್ದರೆ, ದೂರೇ ಇಲ್ಲವೆಂದು ದಾಖಲೆ ಹೇಳೀತು. ಆದುದರಿಂದ ಅಜ್ಜಿಯ ಮಾತು ಬಲ್ಲ ಒಬ್ಬ ಗುಮಾಸ್ತರು ಅಲ್ಲಿ ಇರಲೇಬೇಕು.

5. ಮೂರನೆಯ ಪ್ರಶ್ನೆ: ತಪ್ಪಾದರೆ ನಷ್ಟ ಯಾರಿಗೆ?

ನಮ್ಮ ಅಭಿಪ್ರಾಯದಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಇದನ್ನು ಒಂದು ಲೆಕ್ಕದ ಮೂಲಕ ನೋಡೋಣ. ಅಂಕಿಗಳು ಲೆಕ್ಕಕ್ಕಾಗಿ ನಾವು ಇಟ್ಟುಕೊಂಡವು.

ಒಂದು ಕಾರ್ಖಾನೆಗೆ ದಿನಕ್ಕೆ 400 ಬೆಳೆಗಾರರು ಎಲೆ ತರುತ್ತಾರೆ. ಅವರಲ್ಲಿ 340 ಜನರದು ಒಳ್ಳೆಯ ಎಲೆ. 60 ಜನರದು ಬಲಿತ ಎಲೆ. ಯಂತ್ರ ಮಾರುವವರು ‘ನಮ್ಮ ಯಂತ್ರ ನೂರಕ್ಕೆ ತೊಂಬತ್ತೈದು ಸರಿಯಾಗಿ ಹೇಳುತ್ತದೆ’ ಎನ್ನುತ್ತಾರೆ. ಕೇಳಲು ಇಂಪಾಗಿದೆ. ಆದರೆ ಪೆನ್ಸಿಲು ಹಿಡಿದು ಲೆಕ್ಕ ಮಾಡಿರಿ.

ಒಳ್ಳೆಯ ಎಲೆ ತಂದ 340 ಜನರಲ್ಲಿ ನೂರಕ್ಕೆ ಐದರಂತೆ 17 ಜನರ ಎಲೆಯನ್ನು ಯಂತ್ರವು ಬಲಿತದ್ದೆಂದು ಹೇಳುತ್ತದೆ. ಬಲಿತ ಎಲೆ ತಂದ 60 ಜನರಲ್ಲಿ 57 ಜನರದನ್ನು ಸರಿಯಾಗಿ ಗುರುತಿಸುತ್ತದೆ. 3 ಜನರದನ್ನು ಒಳ್ಳೆಯದೆಂದು ಬಿಟ್ಟುಬಿಡುತ್ತದೆ. ಹೀಗೆ ‘ಬಲಿತ ಎಲೆ’ ಎಂದು ಯಂತ್ರವು ಗುರುತು ಹಾಕಿದವರು ಒಟ್ಟು 74 ಜನ. ಅವರಲ್ಲಿ 17 ಜನ ನಿರಪರಾಧಿಗಳು. ಅಂದರೆ ನಾಲ್ವರಲ್ಲಿ ಹೆಚ್ಚು ಕಡಿಮೆ ಒಬ್ಬರು! ‘ನೂರಕ್ಕೆ ತೊಂಬತ್ತೈದು ಸರಿ’ ಎಂಬ ಮಾತಿನ ಹಿಂದೆ ಇಷ್ಟು ಅಡಗಿದೆ.

ಈಗ ಹಣದ ಲೆಕ್ಕ. ಒಬ್ಬೊಬ್ಬರದು 50 ಕಿಲೋ ಎಲೆ, ಬಲಿತ ಎಲೆಗೆ ಕಿಲೋ ಒಂದಕ್ಕೆ 4 ರೂಪಾಯಿ ಕಡಿತ ಎಂದರೆ ಒಬ್ಬರಿಗೆ 200 ರೂಪಾಯಿ ನಷ್ಟ. ಹದಿನೇಳು ಜನರಿಂದ ದಿನಕ್ಕೆ 3,400 ರೂಪಾಯಿ ತಪ್ಪಾಗಿ ಕಡಿತವಾಗುತ್ತದೆ. ತಿಂಗಳಿಗೆ 25 ದಿನವೆಂದರೆ 85,000 ರೂಪಾಯಿ. ಬಿಟ್ಟುಹೋದ ಮೂವರಿಂದ ಕಾರ್ಖಾನೆಗೆ ಆಗುವ ನಷ್ಟವಾದರೋ ದಿನಕ್ಕೆ 600 ರೂಪಾಯಿ ಮಾತ್ರ. ಯಂತ್ರವು ಯಾರ ಪಕ್ಷವನ್ನೂ ವಹಿಸಲಿಲ್ಲ. ಎರಡು ಕಡೆಯೂ ನೂರಕ್ಕೆ ಐದೇ ತಪ್ಪು ಮಾಡಿತು. ಆದರೂ ತಪ್ಪಿನ ಭಾರವೆಲ್ಲ ಬೆಳೆಗಾರರ ಮೇಲೆ ಬಿದ್ದಿತು, ಕಾರ್ಖಾನೆಯ ಪೆಟ್ಟಿಗೆಗೆ ಅದೇ ಲಾಭವಾಗಿ ಬಂದಿತು. ತಪ್ಪಿನಿಂದ ತನಗೆ ಲಾಭವಾಗುತ್ತಿರುವಾಗ ಅದನ್ನು ಹುಡುಕಿ ತಿದ್ದುವ ಆಸಕ್ತಿ ಯಾರಿಗೆ ಇದ್ದೀತು? ಇಲ್ಲಿಯೇ ಮುಖ್ಯಸ್ಥನ ಧರ್ಮ ಪರೀಕ್ಷೆಗೆ ಬರುವುದು.

ಹಸಿರೆಲೆಯ ಬೆಲೆಯಲ್ಲಿ ನ್ಯಾಯ ಇರಬೇಕೆಂಬುದು ಹೊಸ ವಿಚಾರವಲ್ಲ. ಮಾರಾಟದಿಂದ ಬಂದ ಹಣವನ್ನು ಬೆಳೆಗಾರರೂ ಕಾರ್ಖಾನೆಯವರೂ ಹಂಚಿಕೊಳ್ಳುವ ಸೂತ್ರವೊಂದನ್ನು ಚಹಾ ಮಂಡಳಿಯು ಗೊತ್ತುಮಾಡಿತು. 2015ರಲ್ಲಿ ಅದನ್ನು ನೂರಕ್ಕೆ 65 ಬೆಳೆಗಾರರಿಗೆ, 35 ಕಾರ್ಖಾನೆಗೆ ಎಂದು ತಿದ್ದಲಾಯಿತು. ಹೀಗೆ ಕಾಗದದ ಮೇಲೆ ಕೊಟ್ಟದ್ದನ್ನು ತಕ್ಕಡಿಯ ಪಕ್ಕದ ಯಂತ್ರವು ಸದ್ದಿಲ್ಲದೆ ಕಿತ್ತುಕೊಳ್ಳಬಾರದು.

ಪರಿಹಾರವೇನು? ಯಂತ್ರವನ್ನೇ ಬೇಡವೆನ್ನಬೇಕಾಗಿಲ್ಲ. ಯಂತ್ರವು ಬಲಿತದ್ದೆಂದು ಹೇಳಿದ 74 ಜನರ ಎಲೆಯನ್ನು ಅನುಭವಿಯೊಬ್ಬರು ಬೆಳೆಗಾರರ ಕಣ್ಣೆದುರಿಗೇ ಕೈಯಿಂದ ಹರವಿ ನೋಡಲಿ. ಹಿಂದೆ 400 ಜನರ ಎಲೆಯನ್ನು ಅವಸರದಲ್ಲಿ ನೋಡುತ್ತಿದ್ದ ಕಣ್ಣು ಈಗ 74ನ್ನು ಸಮಾಧಾನದಿಂದ ನೋಡುತ್ತದೆ. ಆ ಹದಿನೇಳು ಜನರ ಹಣ ಉಳಿಯುತ್ತದೆ, ಕಾರ್ಖಾನೆಯ ಮೇಲಿನ ನಂಬಿಕೆಯೂ ಉಳಿಯುತ್ತದೆ. ಯಂತ್ರವನ್ನು ಬಳಸುವ ಸರಿಯಾದ ಕ್ರಮ ಇದು.

ಇಂಥ ಏರ್ಪಾಡು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಂಚೆ ಕಚೇರಿಗಳ ಕಥೆ ಸಾಕ್ಷಿ. ಅಲ್ಲಿ 1999ರಿಂದ ‘ಹೊರೈಜನ್’ ಎಂಬ ಲೆಕ್ಕಪತ್ರದ ಗಣಕ ವ್ಯವಸ್ಥೆಯನ್ನು ತಂದರು. ಅದು ಕೃತಕ ಬುದ್ಧಿಮತ್ತೆಯಲ್ಲ, ಸಾಧಾರಣ ತಂತ್ರಾಂಶವೇ. ಅದರ ದೋಷದಿಂದ ಹಣ ಕಡಿಮೆ ಇದೆಯೆಂದು ತೋರುತ್ತಿತ್ತು. ಸಣ್ಣ ಊರುಗಳ ಪೋಸ್ಟ್‌ಮಾಸ್ಟರರು ‘ನಾವು ಹಣ ಮುಟ್ಟಿಲ್ಲ’ ಎಂದು ಎಷ್ಟು ಗೋಗರೆದರೂ ಮೇಲಿನವರು ಯಂತ್ರದ ಮಾತನ್ನೇ ನಂಬಿದರು. 2015ರವರೆಗೆ 900ಕ್ಕೂ ಹೆಚ್ಚು ಜನ ಅಪರಾಧಿಗಳೆನಿಸಿದರು. ಕೆಲವರು ಸೆರೆಮನೆಗೂ ಹೋದರು. 2019ರಲ್ಲಿ ನ್ಯಾಯಾಲಯವು ವ್ಯವಸ್ಥೆಯ ದೋಷಗಳನ್ನು ಎತ್ತಿ ಹೇಳಿತು. 2024ರಲ್ಲಿ ಆ ಶಿಕ್ಷೆಗಳನ್ನು ರದ್ದುಮಾಡಲು ಪಾರ್ಲಿಮೆಂಟು ಒಂದು ಕಾನೂನನ್ನೇ ಮಾಡಬೇಕಾಯಿತು. ಹೋದ ಮಾನ, ಕಳೆದ ವರ್ಷಗಳು ಕಾನೂನಿನಿಂದ ಹಿಂದಕ್ಕೆ ಬರುವವೇ? ಲೆಕ್ಕ ಮಾಡುವ ಯಂತ್ರವನ್ನು ನಂಬಿ ಇಷ್ಟಾದರೆ, ಅಂದಾಜು ಮಾಡುವ ಯಂತ್ರದ ವಿಷಯದಲ್ಲಿ ಎಷ್ಟು ಎಚ್ಚರ ಬೇಕೆಂದು ನೀವೇ ಯೋಚಿಸಿರಿ.

6. ನಾಲ್ಕನೆಯ ಪ್ರಶ್ನೆ: ಬ್ರೇಕು ಯಾರ ಕೈಯಲ್ಲಿದೆ?

ನಮ್ಮ ವೆಲ್ಲಿಂಗ್ಟನ್ನಿನ ಮೇಲೆ ಹಾದುಹೋಗುವ ಬೆಟ್ಟದ ರೈಲನ್ನು ನೋಡದ ವಿದ್ಯಾರ್ಥಿಗಳಿಲ್ಲ. 1899ರಲ್ಲಿ ಕೂನೂರಿಗೆ, 1908ರಲ್ಲಿ ಉದಕಮಂಡಲಕ್ಕೆ ತಲಪಿದ ಈ ರೈಲು 2005ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಲ್ಲಾರಿನಿಂದ ಕೂನೂರಿನವರೆಗೆ ಏರು ಬಹಳ ಕಡಿದು. ಕೆಲವು ಕಡೆ ಹನ್ನೆರಡೂವರೆ ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರಬೇಕು. ಅಲ್ಲಿ ಹಳಿಗಳ ನಡುವೆ ಹಲ್ಲುಗಳುಳ್ಳ ಪಟ್ಟಿಯಿದೆ. ಪ್ರತಿಯೊಂದು ಡಬ್ಬಿಯಲ್ಲೂ ಒಬ್ಬ ಬ್ರೇಕುಗಾರ ನಿಂತಿರುತ್ತಾನೆ. ಇಂಜಿನ್ ಎಷ್ಟೇ ಬಲಶಾಲಿಯಾದರೂ ಬ್ರೇಕನ್ನೆಲ್ಲ ಅದೊಂದಕ್ಕೇ ಬಿಟ್ಟಿಲ್ಲ. ಕೂನೂರಿನಿಂದ ಮೇಲೆ ಏರು ಕಡಿಮೆ, ಅಲ್ಲಿ ಹಲ್ಲುಪಟ್ಟಿಯಿಲ್ಲ.

ಕೃತಕ ಬುದ್ಧಿಮತ್ತೆಯ ವಿಷಯದಲ್ಲೂ ಈ ವಿವೇಕವೇ ಬೇಕು. ಕಾರ್ಖಾನೆಯ ಸುತ್ತೋಲೆಯನ್ನು ಯಂತ್ರವು ಬರೆದು ತಪ್ಪಾದರೆ ಹರಿದು ಹಾಕಿ ಬೇರೆ ಬರೆಯಬಹುದು. ಅದು ಸಣ್ಣ ಏರು. ಒಬ್ಬರ ಕೂಲಿ, ಬೆಲೆ, ಸಾಲ, ಕೆಲಸ, ಆರೋಗ್ಯ – ಇವುಗಳ ಮೇಲಿನ ತೀರ್ಮಾನ ಕಡಿದಾದ ಏರು. ಅಲ್ಲಿ ಹಲ್ಲುಪಟ್ಟಿಯೂ ಬೇಕು, ಡಬ್ಬಿಗೊಬ್ಬ ಬ್ರೇಕುಗಾರನೂ ಬೇಕು.

ಇದು ಬರಿಯ ಹೋಲಿಕೆಯಲ್ಲ. ನಮ್ಮ ಬೆಟ್ಟದ ಬುಡದ ಕೊಯಮತ್ತೂರು ಜಿಲ್ಲೆಯ ಮದುಕ್ಕರೈಯಲ್ಲಿ ಆನೆಗಳು ರೈಲು ಹಳಿ ದಾಟುವ ಜಾಗವಿದೆ. ಅಲ್ಲಿ 2024ರ ಫೆಬ್ರವರಿಯಲ್ಲಿ ತಮಿಳುನಾಡು ಅರಣ್ಯ ಇಲಾಖೆಯು ಸುಮಾರು 7.24 ಕೋಟಿ ರೂಪಾಯಿ ವೆಚ್ಚದಲ್ಲಿ 12 ಗೋಪುರಗಳನ್ನು ನಿಲ್ಲಿಸಿ, ಕತ್ತಲಿನಲ್ಲೂ ಮೈಯ ಶಾಖದಿಂದ ಆನೆಯನ್ನು ಗುರುತಿಸುವ ಕ್ಯಾಮರಾಗಳನ್ನಿಟ್ಟಿತು. ಆನೆ ಹಳಿಯ ಬಳಿಗೆ ಬಂದರೆ ಕೃತಕ ಬುದ್ಧಿಮತ್ತೆಯು ಗುರುತಿಸಿ ನಿಯಂತ್ರಣ ಕೊಠಡಿಗೆ ಎಚ್ಚರಿಕೆ ಕೊಡುತ್ತದೆ. ಅಲ್ಲಿರುವ ಸಿಬ್ಬಂದಿ ರೈಲ್ವೆಯವರಿಗೂ ಕಾವಲುಗಾರರಿಗೂ ತಿಳಿಸುತ್ತಾರೆ. ರೈಲು ನಿಧಾನವಾಗುತ್ತದೆ, ಕಾವಲುಗಾರರು ಆನೆಯನ್ನು ಹಳಿಯಿಂದ ದೂರ ಮಾಡುತ್ತಾರೆ. ನಮ್ಮ ಗೂಡಲೂರಿನ ಕಡೆಯೂ ಆನೆಗಳ ಸುಳಿವು ಹಿಡಿಯಲು ಇಂಥ ಕ್ಯಾಮರಾಗಳನ್ನು ಬಳಸಲಾಗುತ್ತಿದೆ. ಈ ಏರ್ಪಾಡಿನಲ್ಲಿ ಯಂತ್ರದ ಪಾಲು ಕಣ್ಣು, ಮನುಷ್ಯನ ಪಾಲು ಕಾಲು ಮತ್ತು ವಿವೇಚನೆ. ಇಲ್ಲಿ ತಪ್ಪಿನ ಬೆಲೆಯನ್ನೂ ತೂಗಿದ್ದಾರೆ. ಆನೆಯಿಲ್ಲದೆ ಗಂಟೆ ಬಾರಿಸಿದರೆ ರೈಲು ಸ್ವಲ್ಪ ತಡವಾಗುತ್ತದೆ. ಆನೆ ಬಂದಾಗ ಗಂಟೆ ಬಾರಿಸದಿದ್ದರೆ ಜೀವವೇ ಹೋಗುತ್ತದೆ. ಯಾವ ತಪ್ಪನ್ನು ಸಹಿಸಬಹುದು, ಯಾವುದನ್ನು ಸಹಿಸಬಾರದು ಎಂಬುದನ್ನು ಯಂತ್ರವು ಹೇಳಲಾರದು. ಅದನ್ನು ಮುಖ್ಯಸ್ಥರೇ ನಿಶ್ಚಯಿಸಬೇಕು.

7. ಐದನೆಯ ಪ್ರಶ್ನೆ: ಗುಟ್ಟೂ ಕಾನೂನೂ

ಯಂತ್ರಕ್ಕೆ ಕೊಟ್ಟ ವಿವರಗಳು ಎಲ್ಲಿಗೆ ಹೋಗುತ್ತವೆ? ಹಲವು ಯಂತ್ರಗಳು ನಮ್ಮ ಕಚೇರಿಯಲ್ಲಿರುವುದಿಲ್ಲ. ದೂರದ ಯಾವುದೋ ಊರಿನ ಗಣಕ ಕೇಂದ್ರದಲ್ಲಿರುತ್ತವೆ. 2023ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯ ಕೆಲವು ನೌಕರರು ಕಂಪನಿಯ ಗುಟ್ಟಿನ ತಂತ್ರಾಂಶವನ್ನು ಚಾಟ್‌ಜಿಪಿಟಿಗೆ ಕೊಟ್ಟು ತಿದ್ದಿಸಲು ಹೋದರು. ವಿಷಯ ತಿಳಿದ ಸಂಸ್ಥೆಯು ಇಂಥ ಯಂತ್ರಗಳ ಬಳಕೆಯನ್ನೇ ನಿಷೇಧಿಸಬೇಕಾಯಿತು.

ನಮ್ಮ ದೇಶದಲ್ಲಿ 2023ರಲ್ಲಿ ವ್ಯಕ್ತಿಗಳ ಖಾಸಗಿ ವಿವರಗಳ ರಕ್ಷಣೆಗಾಗಿ ಕಾನೂನು ಬಂದಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಅವು ಹಂತಹಂತವಾಗಿ ಜಾರಿಗೆ ಬರುವಂಥವು. ವಿವರಗಳನ್ನು ಕಾಪಾಡಲು ತಪ್ಪಿದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೂ ದಂಡ ವಿಧಿಸಲು ಅವಕಾಶವಿದೆ. ಹದಿನೆಂಟು ವರ್ಷ ತುಂಬದವರ ವಿವರಗಳಿಗೆ ತಂದೆತಾಯಿಗಳ ಅಥವಾ ಪೋಷಕರ ಒಪ್ಪಿಗೆ ಬೇಕೆಂದೂ ಕಾನೂನು ಹೇಳುತ್ತದೆ. ಈ ಅಂಶವನ್ನು ಪೋಷಕರು ವಿಶೇಷವಾಗಿ ನೆನಪಿನಲ್ಲಿಡಬೇಕು. ಬೆಳೆಗಾರರ ಬ್ಯಾಂಕು ಖಾತೆ, ಸಾಲ, ಜಮೀನಿನ ವಿವರ ಕಾರ್ಖಾನೆಯ ಬಳಿ ಇರುತ್ತದೆ. ಅದು ಅವರು ನಂಬಿ ಕೊಟ್ಟದ್ದು.

‘ತಪ್ಪು ನಮ್ಮದಲ್ಲ, ಯಂತ್ರದ್ದು’ ಎಂಬ ವಾದವೂ ನಡೆಯುವುದಿಲ್ಲ. ಕೆನಡಾದಲ್ಲಿ ಏರ್ ಕೆನಡಾ ವಿಮಾನ ಸಂಸ್ಥೆಯ ಉತ್ತರ ಹೇಳುವ ಯಂತ್ರವು, ಮನೆಯಲ್ಲಿ ಸಾವು ಸಂಭವಿಸಿ ಪ್ರಯಾಣ ಮಾಡಬೇಕಾದ ಒಬ್ಬರಿಗೆ ಟಿಕೇಟಿನ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತು. ಯಂತ್ರದ ಮಾತಿಗೆ ಯಂತ್ರವೇ ಹೊಣೆ ಎಂಬಂತೆ ಸಂಸ್ಥೆಯು ವಾದಿಸಿತು. 2024ರ ಫೆಬ್ರವರಿಯಲ್ಲಿ ಅಲ್ಲಿಯ ನ್ಯಾಯಮಂಡಳಿಯು ಆ ವಾದವನ್ನು ತಳ್ಳಿಹಾಕಿ, ಸಂಸ್ಥೆಯೇ ಹಣ ಕೊಡಬೇಕೆಂದು ತೀರ್ಪು ಕೊಟ್ಟಿತು.

8. ಆರನೆಯ ಪ್ರಶ್ನೆ: ಖರ್ಚು ಎಷ್ಟು? ಕೆಲಸಗಾರರ ಗತಿ ಏನು?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಯಂತ್ರದ ಬೆಲೆಯೊಂದೇ ಖರ್ಚಲ್ಲ. ವರ್ಷವರ್ಷದ ಬಾಡಿಗೆ, ದುರಸ್ತಿ, ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ತು ಹೋದಾಗಿನ ಏರ್ಪಾಡು, ಕಲಿಸುವವರ ಸಂಬಳ ಎಲ್ಲವನ್ನೂ ಸೇರಿಸಬೇಕು. ಅಂದಾಜನ್ನು ನಂಬಿ ದೊಡ್ಡ ಹಣ ಹೂಡುವುದೂ ಅಪಾಯ. ಅಮೆರಿಕದ ಝಿಲ್ಲೋ ಸಂಸ್ಥೆಯು ಮನೆಗಳ ಬೆಲೆಯನ್ನು ಯಂತ್ರದಿಂದ ಅಂದಾಜು ಮಾಡಿಸಿ ತಾನೇ ಮನೆಗಳನ್ನು ಕೊಳ್ಳುತ್ತಿತ್ತು. ಅಂದಾಜು ಕೈಕೊಟ್ಟಿತು. 2021ರ ನವೆಂಬರಿನಲ್ಲಿ ಆ ವ್ಯಾಪಾರವನ್ನು ಮುಚ್ಚಿ, ನೌಕರರಲ್ಲಿ ಸುಮಾರು ಕಾಲು ಭಾಗವನ್ನು ಮನೆಗೆ ಕಳುಹಿಸಬೇಕಾಯಿತು. ತಪ್ಪಿದ್ದು ಅಂದಾಜು, ಕೆಲಸ ಕಳೆದುಕೊಂಡವರು ನೌಕರರು.

ಕೆಲಸ ಹೋಗುವುದೆಂಬ ಭಯ ಸುಳ್ಳಲ್ಲ. ಅದನ್ನು ನಕ್ಕು ತಳ್ಳಿಹಾಕಬಾರದು. ಆದರೆ ಮುಖ್ಯಸ್ಥರು ಒಂದು ವಿಷಯವನ್ನು ಮರೆಯಬಾರದು. ಯಂತ್ರಕ್ಕೆ ಗುರುತು ಹಾಕಿಕೊಡಬೇಕಾದವರು, ಅದು ತಪ್ಪಿದಾಗ ಹಿಡಿಯಬಲ್ಲವರು, ಇಪ್ಪತ್ತು ವರ್ಷ ಎಲೆ ನೋಡಿದ ಆ ಕೈಗಳೇ. ಎಲೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಬಾಡಿನ ಹದ ಹೇಳುವವರನ್ನು ಕಳುಹಿಸಿಬಿಟ್ಟರೆ, ಯಂತ್ರವು ತಪ್ಪುತ್ತಿದೆಯೆಂಬುದನ್ನು ತಿಳಿಯುವವರೇ ಇರುವುದಿಲ್ಲ. ಆದುದರಿಂದ ಯಂತ್ರ ಬರುವ ಮುಂಚೆಯೇ ಅವರನ್ನು ಕರೆದು ಕೂರಿಸಿ, ವಿಷಯ ತಿಳಿಸಿ, ಅವರ ಮಾತು ಕೇಳಿ, ಹೊಸ ಕೆಲಸಕ್ಕೆ ತರಬೇತಿ ಕೊಡಬೇಕು. ಉಳಿತಾಯವಾದ ಹಣದಲ್ಲಿ ಅವರಿಗೂ ಪಾಲಿರಬೇಕು.

9. ಪ್ರಾರಂಭಿಸುವ ಕ್ರಮ

ಮೇಲಿನದನ್ನೆಲ್ಲ ಯೋಚಿಸಿದ ಮೇಲೂ ಅವಸರ ಬೇಡ. ಮೊದಲು ಎಲೆ ಕೊಳ್ಳುವ ಒಂದೇ ಕೇಂದ್ರದಲ್ಲಿ ಯಂತ್ರವನ್ನಿಡಬೇಕು. ಒಂದು ಮಳೆಗಾಲ, ಒಂದು ಮಂಜಿನ ಕಾಲ ಮುಗಿಯುವವರೆಗೆ ಯಂತ್ರವೂ ಮನುಷ್ಯರೂ ಬೇರೆ ಬೇರೆಯಾಗಿ ಎಲೆ ನೋಡಲಿ. ಹಣ ಕೊಡುವುದು ಮನುಷ್ಯರ ಮಾತಿನಂತೆಯೇ ನಡೆಯಲಿ. ಇಬ್ಬರಿಗೂ ಅಭಿಪ್ರಾಯ ಭೇದ ಬಂದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಆ ಪುಸ್ತಕವನ್ನು ಸದಸ್ಯರ ಸಭೆಯಲ್ಲಿ ಓದಿ ಹೇಳಬೇಕು. ಬೆಳೆಗಾರರಿಗೆ ‘ನನ್ನ ಎಲೆಯನ್ನು ಮತ್ತೊಮ್ಮೆ ನೋಡಿ’ ಎಂದು ಕೇಳುವ ಹಕ್ಕಿರಬೇಕು. ಕೇಳಿದ್ದಕ್ಕೆ ಮುಖ ಸಿಂಡರಿಸದ ಒಬ್ಬ ಅಧಿಕಾರಿಯ ಹೆಸರು ಗೋಡೆಯ ಮೇಲೆ ಬರೆದಿರಬೇಕು. ಹೀಗೆ ಮಾಡಿದ ಮೇಲೆ ಯಂತ್ರವು ಒಳ್ಳೆಯದೆಂದು ಕಂಡರೆ ಧೈರ್ಯವಾಗಿ ಬಳಸಬಹುದು. ಚೆನ್ನಾಗಿ ಪರೀಕ್ಷಿಸಿದ ಯಂತ್ರವು ಬೆಳೆಗಾರರಿಗೂ ಮಿತ್ರನೇ. ಪರಿಚಯದವರಿಗೊಂದು ನ್ಯಾಯ, ಬೇರೆಯವರಿಗೊಂದು ನ್ಯಾಯ ಎಂಬ ಹಳೆಯ ದೂರನ್ನೂ ಅದು ತೊಡೆದುಹಾಕಬಲ್ಲದು.

10. ವಿದ್ಯಾರ್ಥಿಗಳಿಗೆ ಒಂದು ಮಾತು

ಯಂತ್ರವೇ ಎಲ್ಲ ಹೇಳುವಾಗ ನಾವು ಓದುವುದೇಕೆ ಎಂದು ಕೆಲವು ಮಕ್ಕಳು ಕೇಳುತ್ತಾರೆ. ಮೇಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಿರಿ. ‘ನೂರಕ್ಕೆ ತೊಂಬತ್ತೈದು ಸರಿ’ ಎಂಬ ಮಾತಿನಲ್ಲಿ ಅಡಗಿದ್ದ ಹದಿನೇಳು ಜನರನ್ನು ಹುಡುಕಿ ತೆಗೆದದ್ದು ಏಳನೆಯ ತರಗತಿಯ ಶೇಕಡಾ ಲೆಕ್ಕ. ಅವರಿಗೆ ಅನ್ಯಾಯವಾಗಬಾರದೆಂದು ಹೇಳುವುದು ಮನೆಯಲ್ಲಿ ಹಿರಿಯರು ಕಲಿಸಿದ ಪಾಠ. ಈ ಎರಡೂ ಉಳ್ಳವರು ಯಂತ್ರದ ಎದುರಿಗೆ ತಲೆ ತಗ್ಗಿಸಬೇಕಾಗಿಲ್ಲ.

ನಮ್ಮ ಶಾಲೆಯಿಂದ ಹೊರಟ ವಿದ್ಯಾರ್ಥಿಗಳು ಮುಂದೆ ಕಾರ್ಖಾನೆಯ ಮೇಜಿನ ಹಿಂದೆ ಕುಳಿತರೂ ಸರಿ, ಎಲೆಯ ಚೀಲ ಹೊತ್ತು ಮೇಜಿನ ಮುಂದೆ ನಿಂತರೂ ಸರಿ, ‘ಇದು ತಪ್ಪಾದರೆ ಹೊರುವವರು ಯಾರು?’ ಎಂದು ಕೇಳುವ ಅಭ್ಯಾಸವನ್ನು ಬಿಡದಿರಲಿ ಎಂದು ಹಾರೈಸುತ್ತೇವೆ.

ಯೋಚಿಸಿ ಉತ್ತರಿಸಿರಿ

(1) ಮಂಜು ಬಿದ್ದ ವಾರದಲ್ಲಿ 400 ಬೆಳೆಗಾರರಲ್ಲಿ 300 ಜನರದು ಒಳ್ಳೆಯ ಎಲೆ, 100 ಜನರದು ಬಲಿತದ್ದು ಎಂದಿಟ್ಟುಕೊಳ್ಳಿರಿ. ಯಂತ್ರವು ಎರಡು ಕಡೆಯೂ ನೂರಕ್ಕೆ ತೊಂಬತ್ತು ಮಾತ್ರ ಸರಿಯಾಗಿ ಹೇಳಿದರೆ, ಬಲಿತದ್ದೆಂದು ಗುರುತು ಹಾಕಿಸಿಕೊಂಡವರು ಎಷ್ಟು ಜನ? ಅವರಲ್ಲಿ ಒಳ್ಳೆಯ ಎಲೆ ತಂದವರೆಷ್ಟು?

(2) ನಿಮ್ಮ ಮನೆಯವರು ಕೆಲಸ ಮಾಡುವ ಕಡೆ ತಪ್ಪಾದರೆ ತಿದ್ದಬಹುದಾದ ಎರಡು ತೀರ್ಮಾನಗಳನ್ನೂ, ತಿದ್ದಲಾಗದ ಎರಡು ತೀರ್ಮಾನಗಳನ್ನೂ ಕೇಳಿ ಬರೆಯಿರಿ.

(3) ಆನೆಯ ಎಚ್ಚರಿಕೆ ಕೊಡುವ ಯಂತ್ರವು ಮಾಡಬಹುದಾದ ಎರಡು ಬಗೆಯ ತಪ್ಪುಗಳಲ್ಲಿ ಯಾವುದು ದೊಡ್ಡದು? ಎಲೆ ನೋಡುವ ಯಂತ್ರದ ವಿಷಯದಲ್ಲಿ ಬೆಳೆಗಾರರಿಗೆ ಯಾವುದು ದೊಡ್ಡದು, ಕಾರ್ಖಾನೆಗೆ ಯಾವುದು ದೊಡ್ಡದು? ಕಾರಣ ಕೊಡಿರಿ.